ಎರಡಕ್ಷರದ ತಂಬಿಗೆ

ನಮ್ಮ ಮನೆಯ ಪಾತ್ರೆಗಳೆಲ್ಲ ಸಾಕ್ಷರರು. ಮನುಷ್ಯರ ವಿಷಯದಲ್ಲಿ ಅಷ್ಟು ಖಾತ್ರಿಯಾಗಿ ಹೇಳಲಾರೆ. ಪಾತ್ರೆಗಳ ವಿಷಯದಲ್ಲಿ ಹೇಳಬಲ್ಲೆ. ಅಡುಗೆಮನೆಯ ಹಲಗೆಯ ಮೇಲೆ ಬೋರಲು ಬಿದ್ದಿರುವ ತಾಟು, ಲೋಟ, ಡಬ್ಬಿಗಳಲ್ಲಿ ಯಾವುದನ್ನೇ ಎತ್ತಿ ಬೆಳಕಿಗೆ ಹಿಡಿಯಿರಿ, ಅಂಚಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ಒಂದು ಹೆಸರು ಕಾಣುತ್ತದೆ. ನಮ್ಮ ಕಡೆ ಸ್ಟೀಲಿನ ಪಾತ್ರೆ ಕೊಂಡರೆ ಅಂಗಡಿಯಲ್ಲೇ ಹೆಸರು ಕೊರೆಸಿಕೊಂಡು ಬರುವುದು ಪದ್ಧತಿ. ಗರ್ರ್ ಎನ್ನುವ ಒಂದು ಸಣ್ಣ ಯಂತ್ರ ಹಿಡಿದು ಅಂಗಡಿಯವನು ಪಾತ್ರೆಗೆ ಅಕ್ಷರಾಭ್ಯಾಸ ಮಾಡಿಸುತ್ತಾನೆ. ಆ ಹೊತ್ತಿನಿಂದ ಅದು ಬರೀ ಪಾತ್ರೆಯಲ್ಲ. ಗುರುತಿನ ಚೀಟಿಯುಳ್ಳ ಪ್ರಜೆ.

ಪದ್ಧತಿಯ ಉದ್ದೇಶ ಘನವಾದದ್ದು: ಪಕ್ಕದ ಮನೆಗೆ ಹೋದ ಪಾತ್ರೆ ತಿರುಗಿ ಬರಲಿ ಎಂದು. ಫಲ ಮಾತ್ರ ಬೇರೆ. ಹೈದರಾಬಾದಿನ ತಾರ್ನಾಕದ ನಮ್ಮ ಓಣಿಯಲ್ಲಿ ಇಷ್ಟು ವರ್ಷ ಚಟ್ನಿ, ಹೋಳಿಗೆ, ಆವಕಾಯಿಗಳನ್ನು ಹೊತ್ತು ಪಾತ್ರೆಗಳು ಎಷ್ಟು ದೇಶಾಟನೆ ಮಾಡಿವೆಯೆಂದರೆ, ನಾನು ದಿನಾ ಊಟ ಮಾಡುವ ತಾಟಿನ ಮೇಲೆ 'ಹಣಮಂತರಾಯರಿಂದ ಉಡುಗೊರೆ' ಎಂದಿದೆ. ಈ ಹಣಮಂತರಾಯರು ಯಾರು, ಯಾರಿಗೆ ಉಡುಗೊರೆ ಕೊಟ್ಟರು, ಆ ಯಾರೋ ಇವತ್ತು ಎಂಥ ತಾಟಿನಲ್ಲಿ ಉಣ್ಣುತ್ತಿದ್ದಾರೆ, ನಮಗೆ ತಿಳಿಯದು. ರೊಟ್ಟಿ ಮುರಿಯುವ ಮುಂಚೆ ಅವರನ್ನು ಮನಸ್ಸಿನಲ್ಲೇ ಒಮ್ಮೆ ನೆನೆಯುತ್ತೇನೆ. ಉಪಕಾರ ಸ್ಮರಣೆ ಮನುಷ್ಯನ ಲಕ್ಷಣ.

ಅಕ್ಷರಗಳ ಬಗ್ಗೆ ನನಗೆ ಸ್ವಲ್ಪ ಜಂಬ ಇರುವುದಕ್ಕೂ ಕಾರಣವಿದೆ. ನಾನು ಅಬಿಡ್ಸಿನಲ್ಲಿ ಅಂಚೆ ವಿಂಗಡಿಸುತ್ತ ಕೂದಲು ಹಣ್ಣು ಮಾಡಿಕೊಂಡವನು. ಕನ್ನಡದ ವಿಳಾಸ, ತೆಲುಗಿನ ವಿಳಾಸ, ಕನ್ನಡವೋ ತೆಲುಗೋ ಬರೆದವನಿಗೇ ಗೊತ್ತಿಲ್ಲದ ವಿಳಾಸ, ಎಲ್ಲ ನನ್ನ ಮೇಜಿಗೆ ಬರುತ್ತಿದ್ದವು. ನಿಮಗೂ ಗೊತ್ತಿರುತ್ತದೆ, ಈ ಎರಡು ಲಿಪಿಗಳು ಅಕ್ಕತಂಗಿಯರು. ಕನ್ನಡದ ಅಕ್ಷರ ತಲೆಯ ಮೇಲೆ ಗೆರೆ ಎಳೆದುಕೊಂಡು ಗಂಭೀರವಾಗಿರುತ್ತದೆ; ತೆಲುಗಿನದು ಅದೇ ಮುಖಕ್ಕೆ ಮೇಲೊಂದು ಕೊಕ್ಕೆಯನ್ನು ಹೂವಿನಂತೆ ಮುಡಿದುಕೊಂಡಿರುತ್ತದೆ. ದೂರದಿಂದ ನೋಡಿ ಹೆಸರು ಹಿಡಿದು ಕರೆದರೆ ಮೋಸಹೋಗುತ್ತೀರಿ.

ಈ ಪಾಂಡಿತ್ಯವನ್ನು ನಂಬಿಯೇ ಒಂದು ಭಾನುವಾರ ವಿನಾಯಕ ನನ್ನೆದುರು ತನ್ನ ಲ್ಯಾಪ್‌ಟಾಪ್ ತೆರೆದದ್ದು. ವಿನಾಯಕ ನನ್ನ ಹೆಂಡತಿ ಶಾಂತೆಯ ಅಣ್ಣನ ಮೊಮ್ಮಗ. ಕೂಕಟ್‌ಪಲ್ಲಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಮದುವೆಯಾಗಿದೆ, ಮೀಸೆಯಿದೆ, ಆದರೂ ವಿಡಿಯೊ ಗೇಮ್ ಆಡುತ್ತಾನೆ. ಭಾನುವಾರ ಅಜ್ಜಿಯ ಕೈರೊಟ್ಟಿಗಾಗಿ ಮೆಟ್ರೋ ಹತ್ತಿ ಬರುತ್ತಾನೆ.

"ಅಜ್ಜಾ, ನೀವು ಎಂಥೆಂಥಾ ಅಕ್ಷರಾ ಓದೀರಿ. ಇದೊಂದು ಓದಿ ಹೇಳ್ರಿ. ನಮ್ಮ ಗ್ರೂಪಿನ್ಯಾಗ ಮಂದಿ ಬಡದಾಡಾಕತ್ತಾರ."

ಗ್ರೂಪ್ ಎಂದರೆ ಒಂದು ಹಳೆಯ ಸಿನಿಮಾದ ಅಭಿಮಾನಿಗಳ ಸಂಘ. ಎಲ್ಲರೂ ಫೋನಿನೊಳಗೇ ವಾಸ. ರಾಜರು, ಕತ್ತಿ, ಕುದುರೆ, ಕೊನೆಯಲ್ಲಿ ಅಳು ಇರುವ ತೆಲುಗು ಸಿನಿಮಾ ಅದು; ಇದೇ ಊರಲ್ಲಿ ಚಿತ್ರೀಕರಣವಾದದ್ದು. ಈಗ ಯಾರೋ ಹುಡುಗರು ಸೇರಿ ಅದನ್ನೇ ವಿಡಿಯೊ ಗೇಮ್ ಮಾಡಿದ್ದಾರೆ. ಮಾಡಿದ್ದೇ ತಡ, ಸಂಘದಲ್ಲಿ ಮಹಾಸಭೆ ಸೇರಿತು. ಸಿಂಹಾಸನದ ಸಿಂಹದ ನಾಲಗೆ ಹೊರಗಿತ್ತೋ ಒಳಗಿತ್ತೋ. ಸೇನಾಪತಿಯ ಒರೆಗೆ ಕಟ್ಟಿದ್ದು ರೇಷ್ಮೆಯ ಕುಚ್ಚೋ ಹತ್ತಿಯ ಕುಚ್ಚೋ. ಇಂಥ ಪ್ರಶ್ನೆಗಳ ಮೇಲೆ ಖಂಡನೆ, ಮಂಡನೆ, ಬಹಿಷ್ಕಾರ. ಹಿಂದೆ ಮಠಗಳಲ್ಲಿ ದ್ವೈತ ಅದ್ವೈತಗಳಿಗೆ ಇಷ್ಟು ಕಾವು ಏರುತ್ತಿತ್ತಂತೆ. ಈಗಿನವರಿಗೆ ಕುಚ್ಚು ಸಿಕ್ಕಿದೆ. ನಾನು ನಗಲಿಲ್ಲ. ವಿಳಾಸದ ಒಂದು ಒತ್ತಕ್ಷರಕ್ಕಾಗಿ ಸಹೋದ್ಯೋಗಿಯೊಂದಿಗೆ ಮಾತು ಬಿಟ್ಟವನು ನಾನು. ನಗುವ ಅಧಿಕಾರ ನನಗಿಲ್ಲ.

"ಏನು ಓದಬೇಕಪ್ಪಾ?"

"ಕ್ಲೈಮ್ಯಾಕ್ಸಿನ್ಯಾಗ ರಾಜಾ ಸೋತು ಡೇರೇಕ ಬರ್ತಾನಲ್ಲ, ವಿಷಾ ಕುಡೀತಾನಲ್ಲ, ಆ ಪಾತ್ರಿ ಅಜ್ಜಾ. ಅದರ ಮ್ಯಾಲ 'ಚಿ', 'ವ' ಅಂತ ಎರಡಕ್ಷರ ಕಾಣ್ತಾವ. ಮುಂದಿಂದು ರಾಜನ ಹೆಬ್ಬಟ್ಟಿನ್ಯಾಗ ಮುಚ್ಚೇತಿ. ಗೇಮಿನವ್ರು 'ಚಿವರ' ಅಂತ ಪೂರಾ ಮಾಡ್ಯಾರ. ತೆಲುಗಿನ್ಯಾಗ ಚಿವರ ಅಂದ್ರ ಕೊನಿ. ಕೊನೀ ಗುಟುಕು ಅಂತ ಡೈರೆಕ್ಟರ್ ಹಿಂಟ್ ಕೊಟ್ಟಾನಂತ. ಕ್ಯಾ ದಿಮಾಗ್, ಅಲ್ರಿ? ಆದ್ರ ಅರ್ಧಾ ಮಂದಿ ಗಲತ್ ಅಂತಾರ. 'ರ' ಎಲ್ಲೈತಿ ತೋರಸ್ರಿ ಅಂತಾರ. ಒಬ್ಬಾಂವ ಅಂತೂ, ಯಾರೋ ಪಗಾರ ಸಿಗದ ಕೆಲಸದಾಂವ 'ಛೀ' ಅಂತ ಬೈದು ಬರದಾನ ಅಂತಾನ."

ಗೇಮಿನ ತೆರೆಯ ಮೇಲೆ ಒಂದು ಸಣ್ಣ ತಂಬಿಗೆಯಿತ್ತು. ಬಂಗಾರದ ಬಣ್ಣ. ರಾಜನ ಅಂಗೈಯಲ್ಲಿ ಅದು ಲಿಂಬೆಹಣ್ಣಿನಷ್ಟು ಕಾಣುತ್ತಿತ್ತು. ಇಷ್ಟು ದೊಡ್ಡ ಸಾಮ್ರಾಟ ಇಷ್ಟು ಚಿಕ್ಕ ಪಾತ್ರೆಯಲ್ಲಿ ಯಾಕೆ ಕುಡಿಯುತ್ತಾನೆ ಎಂಬುದೂ ಸಂಘದ ಬಗೆಹರಿಯದ ಪ್ರಶ್ನೆಗಳಲ್ಲೊಂದಂತೆ.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತ್ತು.

ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಮತ್ತೆ ಹಾಕಿಕೊಂಡೆ. ಓದುವುದಕ್ಕೆ ಏನೂ ಇರಲಿಲ್ಲ, ನನಗದು ಬಾಯಿಪಾಠ. ಸಾಮ್ರಾಟ ಯಾಕೆ ಚಿಕ್ಕ ಪಾತ್ರೆಯಲ್ಲಿ ಕುಡಿಯುತ್ತಾನೆ ಎಂದರೆ, ಅದು ಮಗುವಿನ ತಂಬಿಗೆ. ನಮ್ಮ ಮಗುವಿನದು.

ತೊಟ್ಟಿಲ ಕಾರ್ಯಕ್ಕೆ ಸೋದರಮಾವ, ಅಂದರೆ ಈ ವಿನಾಯಕನ ಅಜ್ಜ, ತಂದದ್ದು. ಕಲಬುರಗಿಯಿಂದ ರೈಲಿನಲ್ಲಿ ಬರಿಗೈಯಲ್ಲಿ ಬಂದಿಳಿದು, ತಂಗಿಯ ಮುಖ ನೋಡಿ, ಅಬಿಡ್ಸಿಗೆ ಓಡಿಹೋಗಿ ಕೊಂಡ. ಹೆಸರು ಕೊರೆಯುವವನು ತೆಲುಗಿನವನು. ಇವನು ಒಂದು ತುಂಡು ಕಾಗದದ ಮೇಲೆ ಕನ್ನಡದಲ್ಲಿ 'ಚಿ. ವಸುಧಾ' ಎಂದು ಬರೆದುಕೊಟ್ಟ. ಚಿರಂಜೀವಿ ಎನ್ನುವುದನ್ನು ನಾವು ಹೀಗೆ ಒಂದಕ್ಷರಕ್ಕೆ ಇಳಿಸಿಕೊಂಡಿದ್ದೇವಲ್ಲ, ಲಗ್ನಪತ್ರಿಕೆಯ ಜಾಗ ಉಳಿಸುವುದಕ್ಕೆ. ಆತ ನೋಡಿ ನೋಡಿ ಕೊರೆದ. ಕೈ ಮಾತ್ರ ಹುಟ್ಟಿನ ರೂಢಿ ಬಿಡಲಿಲ್ಲ: 'ವ'ದ ತಲೆಗೆ ತೆಲುಗಿನ ಕೊಕ್ಕೆ ಮುಡಿಸಿಬಿಟ್ಟ. 'ಚಿ' ಮುಂದಿನ ಚುಕ್ಕಿಯನ್ನೂ ಹಾಕಿದ, ಪಾಪ. ಆದರೆ ಇಡೀ ಅಕ್ಷರವೇ ಚುಕ್ಕಿಗಳಿಂದಾದಾಗ ನಡುವಿನ ಒಂದು ಚುಕ್ಕಿಯನ್ನು ಯಾರು ಗಮನಿಸುತ್ತಾರೆ? ಹೀಗೆ ನಮ್ಮ ಮಗಳ ಹೆಸರು ಎರಡು ಭಾಷೆಗಳಲ್ಲೂ ಸರಿಯಿಲ್ಲದೆ ಮನೆಗೆ ಬಂತು. ಬಾಣಂತಿ ಶಾಂತೆ ಅದನ್ನು ಬೆಳಕಿಗೆ ಹಿಡಿದು ನೋಡಿ, "ಅಣ್ಣಾ, ನನ್ನ ಮಗಳ ತಲೀಗೆ ಇದೇನು ಕೊಂಡಿ ಸಿಗಿಸ್ಕೊಂಡು ಬಂದಿ?" ಎಂದು ಎಲ್ಲರೆದುರು ಜಗಳ ತೆಗೆದಳು. ಅವನು, "ಹೈದರಾಬಾದಿನ್ಯಾಗ ಹುಟ್ಯಾಳ, ಸ್ವಲ್ಪ ತೆಲುಗೂ ಇರಲಿ ತಗೋ," ಎಂದ. ಎಲ್ಲರೂ ನಕ್ಕರು.

ವಸುಧಾಗೆ ಎರಡು ವರ್ಷ ತುಂಬಿರಲಿಲ್ಲ. ಜ್ವರ ಬಂತು. ಇಷ್ಟೇ ಬರೆಯಬಲ್ಲೆ, ಇದಕ್ಕಿಂತ ಹೆಚ್ಚು ಬರೆಯಲು ನನಗೆ ಆಗಲೂ ಬರಲಿಲ್ಲ, ಈಗಲೂ ಬರುವುದಿಲ್ಲ.

ಆಗ ನನ್ನ ತಾಯಿ ಇನ್ನೂ ಇದ್ದಳು. ಹೋದ ಕೂಸಿನ ಸಾಮಾನು ತಾಯಿಯ ಕಣ್ಣೆದುರು ಇರಬಾರದು ಎಂದು ಹಿಂದಿನವರ ನಂಬಿಕೆ. ಹಳೆ ಬಟ್ಟೆ, ಹಳೆ ಪಾತ್ರೆ ತೆಗೆದುಕೊಂಡು ಹೊಸದು ಕೊಡುವ ಹೆಂಗಸೊಬ್ಬಳು ಬುಟ್ಟಿ ಹೊತ್ತು ಓಣಿಯಲ್ಲಿ ಬರುತ್ತಿದ್ದಳು. ನಾನು ಕಚೇರಿಯಲ್ಲಿದ್ದಾಗ, ಶಾಂತೆ ಮಲಗಿದ್ದಾಗ, ತಂಬಿಗೆ ಆ ಬುಟ್ಟಿ ಸೇರಿತು. ಅದರ ಬದಲಿಗೆ ನಮಗೊಂದು ಚಹಾ ಸೋಸುವ ಜಾಳಿಗೆ ಬಂತು. ಶಾಂತೆ ಅತ್ತೆಗೆ ಒಂದು ಮಾತೂ ಅನ್ನಲಿಲ್ಲ. ಬಹಳ ವರ್ಷ ಚಹಾ ಕುಡಿಯಲೂ ಇಲ್ಲ. ಆಮೇಲೆ ಇನ್ನೊಂದು ಹೆಸರು ಕೊರೆಸುವ ಪ್ರಸಂಗ ನಮ್ಮ ಮನೆಯಲ್ಲಿ ಬರಲಿಲ್ಲ. ಇದ್ದ ಹೆಸರೂ ಮನೆಯ ಮಾತಿನಿಂದ ಹೊರಟುಹೋಯಿತು. ಯಾರೂ ಹೊರಗೆ ಹಾಕಲಿಲ್ಲ. ನಾನು ಅವಳಿಗೆ ನೋವಾದೀತೆಂದು ಆಡಲಿಲ್ಲ, ಅವಳು ನನಗೆ ನೋವಾದೀತೆಂದು ಆಡಲಿಲ್ಲ. ಇಬ್ಬರೂ ಬಹಳ ಸಭ್ಯರು.

ಬುಟ್ಟಿಯಿಂದ ಗುಜರಿಗೆ, ಗುಜರಿಯಿಂದ ಸಿನಿಮಾದವರಿಗೆ ಅದು ಹೇಗೆ ಹೋಯಿತೋ ದೇವರಿಗೇ ಗೊತ್ತು. ತೆರೆಯ ಮೇಲೆ ಬರುವ ಸಾಮಾನನ್ನು ಸಿನಿಮಾದವರು 'ಪ್ರಾಪರ್ಟಿ' ಅನ್ನುತ್ತಾರಂತೆ. ಆಸ್ತಿ! ನಮ್ಮ ವಂಶದಲ್ಲಿ ಆಸ್ತಿ ಎನ್ನುವಂಥದ್ದು ಏನಾದರೂ ಇದ್ದರೆ ಅದೊಂದೇ, ಅದೂ ಬಂಗಾರದ ಬಣ್ಣ ಬಳಿಸಿಕೊಂಡು ರಾಜನ ಕೈ ಸೇರಿತು. ನಾವು ಆ ಸಿನಿಮಾಕ್ಕೆ ಹೋದದ್ದು ಸುಮ್ಮನೆ, ಮಳೆ ಬಂತೆಂದು. ರಾಜ ತಂಬಿಗೆ ಎತ್ತಿದ. ಬಣ್ಣದ ಕೆಳಗಿನಿಂದ 'ಚಿ' ಮತ್ತು ಕೊಕ್ಕೆ ಮುಡಿದ 'ವ' ಎದ್ದು ಬಂದವು. ಪಕ್ಕದಲ್ಲಿ ಶಾಂತೆ ಎದ್ದು ನಿಂತಳು. ಹಿಂದಿನವರು "ಕೂರ್ಚೋಮ್ಮಾ, ಕೂರ್ಚೋ," ಎಂದು ತೆಲುಗಿನಲ್ಲಿ ಕೂಗಿದರು. ಅವಳು ಕೂರಲಿಲ್ಲ. ರಾಜ ಅದನ್ನು ತುಟಿಗೆ ತರುವ ಮುಂಚೆ ಹೊರಗೆ ನಡೆದಳು.

ಮರುದಿನ ಒಬ್ಬಳೇ ಹೋದಳು. ಅದರ ಮರುವಾರವೂ ಹೋದಳು. ಆ ಸಿನಿಮಾ ಊರಿನಲ್ಲಿ ಓಡುವಷ್ಟು ಕಾಲ ಹೋಗುತ್ತಲೇ ಇದ್ದಳು. ಪ್ರತಿ ಸಲವೂ ರಾಜ ತಂಬಿಗೆ ಎತ್ತುವವರೆಗೆ ಕೂತು, ಕುಡಿಯುವ ಮುಂಚೆ ಎದ್ದುಬರುತ್ತಿದ್ದಳು. ಓಣಿಯಲ್ಲಿ ಬೇರೆಯೇ ಸುದ್ದಿ ಹಬ್ಬಿತು. ಪಕ್ಕದ ಮನೆಯಾಕೆ ನನ್ನನ್ನು ತಡೆದು, "ನಿಮ್ಮನಿಯವರಿಗೆ ಆ ಹೀರೋ ಅಂದ್ರ ಭಾಳ ಹುಚ್ಚಂತಲ್ರಿ?" ಎಂದು ಕೇಳಿದಳು. ನಾನು ಗಂಭೀರವಾಗಿ, "ಹೌದ್ರಿ, ನಾನೂ ಮೀಸಿ ಅವನಂಗ ಬಿಡಬೇಕು ಅಂತ ಮಾಡೀನಿ," ಎಂದೆ.

ಇಷ್ಟು ಹಳೆಯದನ್ನೆಲ್ಲ ನಾನು ಕನ್ನಡಕ ಒರೆಸುವಷ್ಟರಲ್ಲಿ ಸುತ್ತಿ ಬಂದೆ. ಅಷ್ಟರಲ್ಲಿ ಶಾಂತೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ವಿನಾಯಕನ ಹಿಂದೆ ನಿಂತಿದ್ದಳು.

ಅವನ ಬೆರಳು ತಾಕಿ ತೆರೆಯ ತಂಬಿಗೆ ಸ್ವಲ್ಪ ಹೊರಳಿತು. "ಅದೇನು, ತಿರುಗ್ತೈತೇನು?" ಎಂದು ಕೇಳಿದಳು.

"ಹೂಂ ಅಜ್ಜಿ. ಸಿನಿಮಾದಾಗ ಒಂದ ಕಡೆ ಕಾಣ್ತೈತಿ. ಗೇಮಿನ್ಯಾಗ ಕೈಯಾಗ ಹಿಡದು ಬೇಕಾದಂಗ ತಿರುಗಸಬಹುದು. ನೋಡ್ರಿ, ಈ ಬಟನ್ ಒತ್ರಿ."

ಅವಳು ಸೆರಗಿಗೆ ಬೆರಳು ಒರೆಸಿಕೊಂಡು ಒತ್ತಿದಳು. ತಂಬಿಗೆ ಮೆಲ್ಲಗೆ ತಿರುಗಿತು. ಸಿನಿಮಾದಲ್ಲಿ ಎಷ್ಟು ಸಲ ನೋಡಿದರೂ ರಾಜನ ಹೆಬ್ಬೆರಳು ಸರಿದಿರಲಿಲ್ಲ, ಇಲ್ಲಿ ಸರಿಯಿತು. 'ಸುಧಾ' ಇರಬೇಕಾದ ಜಾಗದಲ್ಲಿ ಒಂದು 'ರ' ಇತ್ತು. ಆಮೇಲೆ ನುಣ್ಣಗೆ ಖಾಲಿ. ಅವಳು ಪೂರ್ತಿ ಒಂದು ಸುತ್ತು ತಿರುಗಿಸಿದಳು. ಮತ್ತೆ ತಿರುಗಿಸಿದಳು, ಎಲ್ಲೋ ನೋಡದೆ ಬಿಟ್ಟಿರಬಹುದು ಎನ್ನುವಂತೆ.

"ಚಿವರ ಅಂದ್ರೇನಂದಿ?"

"ಕೊನಿ ಅಜ್ಜಿ. ಮುಗೀತು ಅಂತ."

"ಕೊನಿ ಅಲ್ಲೋ ಯಪ್ಪಾ," ಎಂದಳು. "ಅದು ಚಿರಂಜೀವಿ."

ವಿನಾಯಕ ನನ್ನ ಮುಖ ನೋಡಿದ. ಅವನಿಗೆ ಏನೂ ಗೊತ್ತಿಲ್ಲ; ಅವನು ಹುಟ್ಟುವ ಹೊತ್ತಿಗೆ ಅವರ ಮನೆಯಲ್ಲೂ ಆ ಹೆಸರು ಯಾರೂ ಆಡುತ್ತಿರಲಿಲ್ಲ. ನಾನು ಬಾಯಿ ತೆರೆಯುವ ಮುಂಚೆ ಅವಳೇ ಹೇಳಿದಳು. ತಂಬಿಗೆ ಯಾರದು, ಯಾರು ತಂದದ್ದು, ಎಲ್ಲಿ ಹೋಯಿತು ಎಂದು, ಬೇರೆ ಯಾರದೋ ಮನೆಯ ಸಂಗತಿ ಹೇಳುವ ದನಿಯಲ್ಲಿ ಹೇಳಿದಳು. ನಡುವೆ ಒಮ್ಮೆ 'ವಸುಧಾ' ಎಂದಳು. ಆ ಹೆಸರನ್ನು ಅವಳ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೆಂದರೆ, ಹೆಸರಿನ ಕೊನೆಯನ್ನು ಅವಳು ಸ್ವಲ್ಪ ಎಳೆದು ಹೇಳುತ್ತಾಳೆಂಬುದನ್ನೇ ನಾನು ಮರೆತಿದ್ದೆ.

ಆಮೇಲೆ ನಡೆದದ್ದನ್ನು ಸಂಘದ ಮಹಾಪಂಡಿತರು ಕಂಡಿದ್ದರೆ ಶಿಷ್ಯವೃತ್ತಿ ಬೇಡುತ್ತಿದ್ದರು. ಕುರ್ಚಿ ಎಳೆದುಕೊಂಡು ಕೂತು ಅವಳು ಆ ಆಟದ ತಂಬಿಗೆಯ ಪರೀಕ್ಷೆಗೆ ಇಳಿದಳು.

"ಈ ತಗ್ಗು ಇಲ್ಲಿ ಅಲ್ಲ, ಕೆಳಗ ಐತಿ. ಮೆಟ್ಟಲಾ ಮ್ಯಾಲಿಂದ ಒಗದಿದ್ಲು. ಕಂಠ ಇಷ್ಟು ಸಪೂರ ಇಲ್ಲ. ಅಕಿ ಕೈ ಪೂರಾ ಒಳಗ ಹೋಗ್ತಿತ್ತು. 'ಧಾ'ಕ್ಕ ಕೆಳಗ ಸೀಳು ಹಾಕಿದ್ದಿಲ್ಲ ಆ ಮನಿಶ್ಯಾ, ನಾ ಮೊಳೀಲೆ ಗೀರಿ ಹಾಕಿದ್ದೆ. ಬರಕೋ."

ವಿನಾಯಕ ಬರೆದುಕೊಳ್ಳಲಿಲ್ಲ. ಕಣ್ಣು ಒರೆಸಿಕೊಳ್ಳುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ, "ಅಜ್ಜಿ, ಗೇಮ್ ಮಾಡಿದ ಹುಡುಗೂರು ನನಗ ಗೊತ್ತದಾರ. ನಾ ಹೇಳ್ತೀನಿ. ಮುಂದಿನ ಅಪ್ಡೇಟಿನ್ಯಾಗ ಅತ್ತಿ ಹೆಸರು ಪೂರಾ ಹಾಕಸ್ತೀನಿ. ಯಾರ ಆಡಿದ್ರೂ, ಯಾರ ತಿರುಗಿಸಿದ್ರೂ ಕಾಣ್ಬೇಕು," ಎಂದ.

ತಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ಹೋದವಳನ್ನು ಅವನು 'ಅತ್ತಿ' ಎಂದದ್ದು ನನ್ನನ್ನು ಕೂತಲ್ಲೇ ಅಲ್ಲಾಡಿಸಿತು. ಹಾಕಿಸಪ್ಪಾ ಎನ್ನಬೇಕೆಂದಿದ್ದೆ. ನನ್ನ ಮಟ್ಟಿಗೆ ಅದು ಆಗಲೇಬೇಕಾಗಿತ್ತು. ಮಗಳದೊಂದು ಫೋಟೋ ಕೂಡ ನಮ್ಮಲ್ಲಿಲ್ಲ. ಎಲ್ಲಾದರೂ ಒಂದು ಕಡೆ, ಬಣ್ಣದ ಸುಳ್ಳು ತಂಬಿಗೆಯ ಮೇಲಾದರೂ ಸರಿ, ಆ ಹೆಸರು ಇರಲಿ ಎನಿಸಿತು.

ಶಾಂತೆ ಕೇಳಿದಳು, "ಹೆಸರು ಹಾಕಿದ ಮ್ಯಾಲೂ ರಾಜಾ ಅದರಾಗ ಕುಡ್ಯಾಂವನ?"

"ಹೂಂ ಅಜ್ಜಿ. ಆಡೋ ಮಂದೀನ ಬಟನ್ ಒತ್ತಿ ಕುಡಸಬೇಕು."

"ಕುಡಸ್ದಿದ್ರ?"

"ಆಟ ಮುಂದ ಹೋಗೂದಿಲ್ಲ. ಅಲ್ಲೇ ನಿಂತಿರ್ತಾನ."

ಅವಳು ತೆರೆಯನ್ನೇ ನೋಡುತ್ತ ಕೂತಳು. ಡೇರೆಯೊಳಗೆ ರಾಜ ತಂಬಿಗೆ ಹಿಡಿದು ಕಾಯುತ್ತಿದ್ದ. ಉಸಿರಾಡುವಂತೆ ಅವನ ಎದೆ ಏರಿಳಿಯುತ್ತಿತ್ತು. ಅದನ್ನು ಹುಡುಗರು ಚೆನ್ನಾಗಿಯೇ ಮಾಡಿದ್ದರು.

"ಹಂಗಾರ ಬ್ಯಾಡಪ್ಪಾ," ಎಂದಳು. "ಆಡೋ ಮಂದಿ ಎಷ್ಟಿದ್ದಾರೋ ಏನೋ. ಅಷ್ಟೂ ಮಂದಿ ಅಕಿ ಹೆಸರಿನ ತಂಬಿಗ್ಯಾಗ ವಿಷಾ ಹಾಕೂದು ಬ್ಯಾಡ. ಹೆಸರು ಬ್ಯಾಡ. ಆ 'ರ' ಅಷ್ಟು ಅಳಸಾಕ ಹೇಳು. ಮತ್ತ 'ಚಿ' ಮುಂದ ಒಂದು ಚುಕ್ಕಿ ಇತ್ತು. ಅದು ಅಕೀದು. ಅದನ್ನ ಹಾಕಸು."

ವಿನಾಯಕ ಲ್ಯಾಪ್‌ಟಾಪ್ ಮುಚ್ಚಲು ಹೋದಾಗ ಅವಳು ಕೈ ಅಡ್ಡ ತಂದು, "ತಡಿ, ಮೊದಲ ಅವನ ಕೈಯಾಗಿಂದು ಇಳಸು," ಎಂದಳು. ಅವನು ಏನೋ ಒತ್ತಿದ. ರಾಜ ತಂಬಿಗೆಯನ್ನು ಮಣೆಯ ಮೇಲೆ ಇಟ್ಟ. ಆಮೇಲೆ ಮುಚ್ಚಲು ಬಿಟ್ಟಳು.

ಕೆಲವು ವಾರಗಳ ಮೇಲೆ ಹೊಸ ಆವೃತ್ತಿ ಬಂತು. ವಿನಾಯಕ ಮಾತು ಉಳಿಸಿಕೊಂಡಿದ್ದ, ಕಾರಣ ಮಾತ್ರ ಯಾರಿಗೂ ಹೇಳಿರಲಿಲ್ಲ. 'ರ' ಹೋದದ್ದಕ್ಕೆ ಅರ್ಧ ಸಂಘ ದೀಪಾವಳಿ ಆಚರಿಸಿತು: ಸಿನಿಮಾದಲ್ಲಿ ಕಂಡಷ್ಟೇ ಆಟದಲ್ಲಿ, ಸತ್ಯಕ್ಕೆ ಜಯ! ಉಳಿದರ್ಧ ಮುನಿಸಿಕೊಂಡು ಹೊರನಡೆದು ಇನ್ನೊಂದು ಸಂಘ ಕಟ್ಟಿತು. ಒಳಗೇ ಉಳಿದವರೂ ಸುಮ್ಮನಿರುವ ಕುಲದವರಲ್ಲ. ಆ ಚುಕ್ಕಿ ಎಲ್ಲಿಂದ ಬಂತು? ಹಳೆಯ ರೀಲಿನಲ್ಲಿ ಅದು ಇದೆ, ನಿಜ. ಆದರೆ ಅದು ಏನು? ಬಣ್ಣದ ಹನಿಯೋ, ತುಕ್ಕೋ, ರೀಲಿನ ಗೀರೋ? ಸಭೆ ಮತ್ತೆ ಸೇರಿತು.

ಮುಂದಿನ ಭಾನುವಾರ ವಿನಾಯಕ ಊಟಕ್ಕೆ ಕೂತು ಅದನ್ನೆಲ್ಲ ವರದಿ ಮಾಡಿದ. "ಒಬ್ಬಾಂವ ದೊಡ್ಡ ಲೇಖನಾನ ಬರದಾನ ಅಜ್ಜಿ. ಅದು ನೊಣಾ ಅಂತ. ಶೂಟಿಂಗಿನ್ಯಾಗ ಪಾತ್ರೀ ಮ್ಯಾಲ ನೊಣಾ ಕೂತಿತ್ತಂತ!"

ರೊಟ್ಟಿ ಬಡಿಸುತ್ತಿದ್ದ ಶಾಂತೆ ಬಾಯಿಗೆ ಸೆರಗು ಹಿಡಿದು ನಕ್ಕಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ನೊಣಾ ಅಂತ! ಖರೇನ ಕೂಡ್ತಿದ್ವು ನೋಡು. ಬೆಲ್ಲದ ನೀರು ಬೇಕಕಿಗೆ. ಬರೇ ನೀರು ಕೊಟ್ರ ಮುಟ್ತಿರಲಿಲ್ಲ."

ವಿನಾಯಕ ಹೋದ ಮೇಲೆ ಅವಳು ಪಾತ್ರೆ ತಂದು ನನ್ನೆದುರು ಸುರುವಿ ಒರೆಸುತ್ತ ಕೂತಳು. ಎಂದಿನಂತೆ ಇಬ್ಬರೂ ಸುಮ್ಮನಿದ್ದೆವು. ಈ ಮೌನದಲ್ಲಿ ನಮಗಿಬ್ಬರಿಗೂ ಒಳ್ಳೆಯ ಪರಿಣತಿಯಿದೆ.

"ಅರ್ಧಾ ಕುಡದು ಅರ್ಧಾ ಚೆಲ್ತಿದ್ಲು," ಎಂದಳು, ಒಂದು ಲೋಟ ಒರೆಸುತ್ತ, ನನ್ನ ಕಡೆ ನೋಡದೆ. "ಒಂದ ಜಾಗಾ ಹಿಡದು ಅಲ್ಲೇ ಚೆಲ್ತಿದ್ಲು. ನೆನಪೈತೇನ್ರಿ?"

ನೆನಪಿತ್ತು. ಪೂರ್ತಿ ನೆನಪಿತ್ತು. ಆದರೂ ನಾನು ಕೇಳಿದೆ:

"ಎಲ್ಲೆ ಚೆಲ್ತಿದ್ಲು?"

"ನಿಮ್ಮ ಆಫೀಸಿನ ಬೂಟಿನ್ಯಾಗ," ಎಂದಳು. "ವಸೂ, ಬ್ಯಾಡವಾ ಅಂದ್ರ ಇನ್ನಷ್ಟು ಸುರವಾಕಿ. ನೀವು ಕಚಪಚ ಅನಕೋತ ಬಸ್ಸಿಗೆ ಹೋಗ್ತಿದ್ರಿ."